ಹಲಗೆ ಏರಿಸುವ ಮೊದಲು ತೂಕ ನೋಡಿ

ಅಣ್ಣ, ಭರಮಸಾಗರದಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತರಲು ಎರಡು ಚಕ್ರದ ಟ್ರೇಲರ್‌ನ ಸುತ್ತಲಿನ ಹಲಗೆ ಇನ್ನೊಂದು ಅಡಿ ಏರಿಸಬಹುದಾ, 45 ಎಚ್‌ಪಿ ಟ್ರ್ಯಾಕ್ಟರ್ ಎಳೆಯುತ್ತಾ ಅಂತ ಕೇಳಿದ್ದೀರಿ. ಎಳೆಯುತ್ತದೆ. ಆದರೆ ನಿಲ್ಲಿಸಲು ಆಗುತ್ತಾ? ನಮ್ಮ ಕಡೆ ಟ್ರೇಲರ್‌ಗೆ ಬ್ರೇಕ್ ಇರುವುದೇ ಅಪರೂಪ. ಹಿಂದಿನ ಭಾರವನ್ನೆಲ್ಲ ಟ್ರ್ಯಾಕ್ಟರ್ ಬ್ರೇಕೇ ತಡೆಯಬೇಕು.

ಟ್ರೇಲರ್ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. ಖಾಲಿ ತೂಕ, ಲೋಡ್ ಸಮೇತ ತೂಕ ಎರಡೂ ಇರುತ್ತವೆ. ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಮಾಲು. ಆದರೂ ಒಮ್ಮೆ ಖಾಲಿ ಟ್ರೇಲರ್ ಬಿಚ್ಚಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ನಮ್ಮದು ಆರ್‌ಸಿಯಲ್ಲಿ 1,400 ಕೆಜಿ, ಚೀಟಿಯಲ್ಲಿ 1,620 ಬಂತು. ವೆಲ್ಡಿಂಗ್ ಮಾಡಿಸಿದ ಹಲಗೆ, ಸ್ಟೆಪ್ನಿ, ತಾಡಪಾಲು ಎಲ್ಲಾ ಸೇರಿ. ಹೇರುವ ಮಾಲಿನಲ್ಲಿ 60 ಕೆಜಿ ಚೀಲ ಹತ್ತಿರ ನಾಲ್ಕು ಹೋಯಿತು!

ಒಂದು ಘನ ಅಡಿ ಒಣ ಮೆಕ್ಕೆಜೋಳ ಸುಮಾರು 20 ಕೆಜಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್ ಡಬ್ಬಿಗೆ ಸುಮಾರು 2.4 ಟನ್. ಒಂದಡಿ ಏರಿಸಿದರೆ 3.6 ಟನ್. ಅದೇ ಡಬ್ಬಿಗೆ 2 ಅಡಿ ಮರಳು ತುಂಬಿದರೆ 5 ಟನ್ ದಾಟುತ್ತದೆ. ಹಾಗಾಗಿ ಹಲಗೆ ನೋಡಿ ಅಂದಾಜು ಹಾಕಬೇಡಿ.

ಎರಡು ಚಕ್ರದ ಟ್ರೇಲರ್‌ನಲ್ಲಿ ಸ್ವಲ್ಪ ಭಾರ ಟ್ರ್ಯಾಕ್ಟರ್ ಹಿಂದಿನ ಹುಕ್ ಮೇಲೆ ಕೂರುತ್ತದೆ. ಜಾಸ್ತಿ ಆದರೆ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಹೋದ ಸುಗ್ಗಿಯಲ್ಲಿ ಕೆರೆ ಏರಿ ಹತ್ತುವಾಗ ನಮ್ಮದರ ಸ್ಟೀರಿಂಗ್ ಬೆಣ್ಣೆ ಹಾಗೆ ಹಗುರ ಆಯಿತು. ಪೂರ್ತಿ ತಿರುಗಿಸಿದೆ, ಗಾಡಿ ನೆಟ್ಟಗೇ ಹೋಯಿತು. ಇಳಿದು ನೋಡಿದರೆ ಚೀಲಗಳನ್ನೆಲ್ಲ ಮುಂದಕ್ಕೇ ಒಟ್ಟಿದ್ದೆವು. ಈಗ ಚಕ್ರದ ಅಚ್ಚಿನ (ಆಕ್ಸಲ್) ಮೇಲೆ, ಸ್ವಲ್ಪವೇ ಮುಂದೆ ಬರುವ ಹಾಗೆ ಜೋಡಿಸುತ್ತೇವೆ. ಪೂರ್ತಿ ಹಿಂದಕ್ಕೆ ಹಾಕಿದರೂ ತಪ್ಪೇ. ಹುಕ್ ಮೇಲಕ್ಕೆ ಎತ್ತಿ ಟ್ರೇಲರ್ ಅಲ್ಲಾಡುತ್ತದೆ.

ಹೈವೇ ಹತ್ತುವ ಮೊದಲು ಟ್ರ್ಯಾಕ್ಟರ್‌ನ ಎಡ, ಬಲ ಹಿಂದಿನ ಚಕ್ರಕ್ಕೆ ಒಂದೊಂದರಂತೆ ಇರುವ ಎರಡು ಬ್ರೇಕ್ ಪೆಡಲ್‌ಗೂ ಸೇರಿಸಿ ಲಾಕ್ ಹಾಕಿ. ಹೊಲದಲ್ಲಿ ಬಿಚ್ಚಿದ್ದು ಹಾಗೇ ಇದ್ದರೆ ಒಂದೇ ಚಕ್ರ ಹಿಡಿದು ಗಾಡಿ ತಿರುಗಿಬಿಡುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಹತ್ತಿದ ಗೇರಲ್ಲೇ ಇಳಿಯಿರಿ.

2019ರ ತಿದ್ದುಪಡಿ ಪ್ರಕಾರ ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್‌ಗೆ ಇನ್ನೂ 2,000. ಎರಡನೇ ಟ್ರಿಪ್‌ನ ಡೀಸೆಲ್ ಎಷ್ಟೋ ಕಡಿಮೆ ಅಲ್ವಾ?

ಆರ್‌ಸಿಯ ಲೋಡ್ ಸಮೇತ ತೂಕ, ವೇ ಬ್ರಿಡ್ಜ್ ಚೀಟಿಯ ಖಾಲಿ ತೂಕ ಇಲ್ಲಿ ಹಾಕಿ ಅಣ್ಣ, ಎಷ್ಟು ಚೀಲ ಅಂತ ಲೆಕ್ಕ ಮಾಡಿ ಹೇಳುತ್ತೇನೆ.