ಮೊಬೈಲ್ ಟಿವಿಗೆ ದುಡ್ಡು ಯಾರು ಕೊಡುದು, ಚಾನೆಲ್‌ನವರೂ ಮೊಬೈಲ್ ಆಪರೇಟರೂ ಒಟ್ಟಾಗದೆ ಅದು ನಡೀತದಾ?
ದುಡ್ಡು ಬರುವ ದಾರಿ ಮುಖ್ಯವಾಗಿ ಎರಡು, ತಿಂಗಳ ಚಂದಾ ಇಲ್ಲಾಂದ್ರೆ ಜಾಹೀರಾತು. ದಕ್ಷಿಣ ಕೊರಿಯಾದಲ್ಲಿ 2005ರಲ್ಲಿ ಎರಡೂ ಶುರುವಾಯ್ತು, ಡಿಎಂಬಿ ಅಂದ್ರೆ ಫೋನಿಗೇ ಟಿವಿ ಸಿಗ್ನಲ್ ಕಳಿಸುವ ವ್ಯವಸ್ಥೆ, ಅದ್ರಲ್ಲಿ ಸ್ಯಾಟಲೈಟ್ ಡಿಎಂಬಿಗೆ ಚಂದಾ, ನೆಲದ ಟವರಿಂದ ಬರುವ ಟಿ-ಡಿಎಂಬಿ ಫ್ರೀ. ಜನ ಫ್ರೀ ಕಡೆಗೇ ಹೋದ್ರು, ಚಂದಾದ್ದು 2012ರಲ್ಲಿ ನಿಂತೇಹೋಯ್ತು. ಆದ್ರೆ ಫ್ರೀ ಆದ್ರೆ ಆಪರೇಟರಿಗೆ ಏನು ಸಿಗ್ತದೆ, ಆ ಸಿಗ್ನಲ್ ಹಿಡಿಯುವ ಚಿಪ್ ಇರುವ ಫೋನನ್ನು ಅವರು ಯಾಕೆ ಮಾರ್ಬೇಕು? ಗಂಟು ಇರುದೇ ಅಲ್ಲಿ, ಪಾಲು ಎಷ್ಟೆಂತ ಮೊದಲೇ ಕೂತು ಮಾತಾಡದಿದ್ರೆ ಆಗುದಿಲ್ಲ. ಅಮೆರಿಕದಲ್ಲಿ ಚಿಪ್ ಕಂಪೆನಿ ಕ್ವಾಲ್ಕಾಮ್ ಮೊಬೈಲ್ ಟಿವಿಗೇಂತ ಮೀಡಿಯಾಫ್ಲೋ ಅನ್ನುವ ಬೇರೆಯೇ ನೆಟ್‌ವರ್ಕ್ ಕಟ್ಟಿ 2011ರಲ್ಲಿ ಮುಚ್ಚಿತು.

ಈಗ ನಮ್ಮ ಕುಂಬಳೆ, ಮಂಜೇಶ್ವರ ಕಡೆ ಯಕ್ಷಗಾನ ಲೈವ್ ನೋಡುದು ಡೇಟಾ ಪ್ಯಾಕಿನಲ್ಲಿ, ರೀಚಾರ್ಜ್ ದುಡ್ಡು ಆಪರೇಟರಿಗೆ, ಜಾಹೀರಾತಿಂದ ಬಂದದ್ದು ಯೂಟ್ಯೂಬಿಗೂ ಚಾನೆಲ್ ನಡೆಸುವವರಿಗೂ. ಮೇಳದವರಿಗೂ ಅದ್ರಲ್ಲಿ ಒಂದು ಪಾಲು ಮೊದಲೇ ಬರೆದುಕೊಡ್ಬೇಕು ಅಂತ ನನ್ನ ಅಭಿಪ್ರಾಯ.