ಈಜಿಪ್ಟಿನ ಅರಸ ಫರೋಹನನ್ನೇ ಎದುರಿಸಿದ ಮೋಶೆಯನ್ನು ಹೀಬ್ರೂ ಧರ್ಮಗ್ರಂಥ ಎಲ್ಲರಿಗಿಂತ ವಿನಯಶಾಲಿ ಎನ್ನುವುದೇಕೆ?

ತನ್ನ ಅಧಿಕಾರವನ್ನು ಮೋಶೆ ಸ್ವಂತ ಆಸ್ತಿಯೆಂದು ಎಣಿಸಲಿಲ್ಲ, ಅದಕ್ಕೇ. ಇಸ್ರಾಯೇಲ್ ಜನರನ್ನು ನಡೆಸುವ ಹೊಣೆ ದೇವರು ವಹಿಸಿದ್ದು ಎಂದು ಅವನು ನಂಬಿದ್ದ. ಹಾಗಾಗಿ ಜನರ ಪರವಾಗಿ ಅರಸನೆದುರು ಗಟ್ಟಿಯಾಗಿ ನಿಂತವನು, ತನ್ನ ಮೇಲೆಯೇ ಟೀಕೆ ಬಂದಾಗ ಪ್ರತಿಷ್ಠೆ ಕಾಯಲು ಹೋಗಲಿಲ್ಲ.

ಆ ಧರ್ಮಗ್ರಂಥದ ಮೊದಲ ಭಾಗವಾದ ತೋರಾದ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದ 12ನೇ ಅಧ್ಯಾಯ ನೋಡಿ. ನೀವು ಕೇಳಿದ ಮಾತು ಬರುವುದು ಅಲ್ಲೇ, ಅದೂ ಒಡಹುಟ್ಟಿದವರ ಜಗಳದ ನಡುವೆ. ದೇವರು ಮೋಶೆಯೊಡನೆ ಮಾತ್ರವೇ ಮಾತಾಡಿದ್ದಾನೆಯೇ, ನಮ್ಮೊಡನೆ ಇಲ್ಲವೇ ಎಂದು ಅಕ್ಕ ಮಿರ್ಯಾಮ, ಅಣ್ಣ ಆರೋನ ಆಡಿಕೊಳ್ಳುತ್ತಾರೆ. ಮೋಶೆ ತುಟಿ ಬಿಚ್ಚುವುದಿಲ್ಲ. ಚರ್ಮರೋಗ ತಗುಲಿ ಮಿರ್ಯಾಮಳ ಮೈ ಹಿಮದಂತೆ ಬೆಳ್ಳಗಾದಾಗ ಮಾತ್ರ ಕೂಗಿಕೊಳ್ಳುತ್ತಾನೆ: ದೇವರೇ, ದಯವಿಟ್ಟು ಅವಳನ್ನು ವಾಸಿಮಾಡು. ಪ್ರಾರ್ಥನೆ ಅಷ್ಟೇ. ತನಗಾದ ನೋವಿನ ಪ್ರಸ್ತಾಪವೇ ಅದರಲ್ಲಿಲ್ಲ. ಕಾಯಬೇಕಾದ ‘ನಾನು’ ಇಲ್ಲದವನಿಗೆ ಎದುರಿಗಿರುವವರ ಸಂಕಟ ಬೇಗ ಕಾಣುತ್ತದೆ. ನನ್ನ ಮಟ್ಟಿಗೆ, ಜನರು ದಾಟಲೆಂದು ಸಮುದ್ರ ಇಬ್ಭಾಗವಾದದ್ದಕ್ಕಿಂತ ಇದೇ ದೊಡ್ಡ ಘಟನೆ.

ಅದಕ್ಕೂ ಮುಂಚೆ, ಎಲ್ದಾದ್ ಮತ್ತು ಮೇದಾದ್ ಎಂಬ ಇಬ್ಬರು ಪಾಳೆಯದಲ್ಲಿ ಪ್ರವಾದಿಗಳಂತೆ ನುಡಿಯತೊಡಗಿದಾಗ ಮೋಶೆಯ ಸಹಾಯಕ ಯೆಹೋಶುವ ಅವರನ್ನು ತಡೆಯಬೇಕೆನ್ನುತ್ತಾನೆ. ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು ಎನ್ನುತ್ತಾನೆ ಮೋಶೆ.

ಅವನು ಸದಾ ಹೀಗೇ ಇದ್ದನೆಂದಲ್ಲ. 20ನೇ ಅಧ್ಯಾಯದಲ್ಲಿ, ಬಾಯಾರಿ ಗೊಣಗಿದ ಜನರನ್ನು ಜರೆದು, ಈ ಬಂಡೆಯಿಂದ ನಾವು ನಿಮಗೆ ನೀರು ತರಿಸಬೇಕೋ ಎಂದು ಸಿಡುಕಿ, ಕೋಲಿನಿಂದ ಬಂಡೆಗೆ ಎರಡು ಸಲ ಹೊಡೆಯುತ್ತಾನೆ. ನೀರೇನೋ ಚಿಮ್ಮಿತು, ಆದರೆ ದೇವರು ಮಾತುಕೊಟ್ಟಿದ್ದ ನಾಡಿಗೆ ಕಾಲಿಡುವ ಭಾಗ್ಯ ಅವನಿಗೆ ತಪ್ಪಿತು.