ಶೀಟಿನ ಮೇಲೆ ಮಳೆ, ಮೈಕಿನೊಳಗೆ ರೋಬೋಟ್

ಪ್ರಶ್ನೆ: ನಮ್ಮದು ಸಣ್ಣ ಆರ್ಕೆಸ್ಟ್ರಾ. ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಮಾಡಿಸಿದಾಗ ದನಿಗೆ ರೋಬೋಟ್ ಎಫೆಕ್ಟ್ ಹಾಕಿಕೊಟ್ಟರು, ಚೆನ್ನಾಗಿತ್ತು. ಸ್ಟೇಜಿಗೂ ಇರಲಿ ಅಂತ ವೊಕೋಡರ್ ಇರುವ ಕೀಬೋರ್ಡ್ ತಂದೆವು. ಮಾತು ಅರ್ಥವೇ ಆಗುವುದಿಲ್ಲ, ಸ್ಪೀಕರ್ ಬೇರೆ ಕಿರುಚುತ್ತದೆ. ಎಲ್ಲಿ ತಪ್ಪಿದ್ದೇವೆ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಮೊದಲು ಒಂದು ಅನುಮಾನ. ಸ್ಟುಡಿಯೋದವರು ಹಾಕಿದ್ದು ವೊಕೋಡರ್ ಅಲ್ಲ, ಆಟೋಟ್ಯೂನ್ ಅನ್ನುವ ಸ್ವರ ತಿದ್ದುವ ಸಾಫ್ಟ್‌ವೇರ್ ಇರಬೇಕು. ಜನ ಎರಡನ್ನೂ ರೋಬೋಟ್ ದನಿ ಅಂತಲೇ ಕರೆಯುತ್ತಾರೆ. ಇನ್ನೊಮ್ಮೆ ಕೇಳಿ. ದನಿ ನಿಮ್ಮ ಗಾಯಕರದ್ದೇ, ಆದರೆ ಸ್ವರದಿಂದ ಸ್ವರಕ್ಕೆ ಜಾರದೆ ಮೆಟ್ಟಿಲು ಹತ್ತಿದ ಹಾಗೆ ಟಕ್ ಟಕ್ ಅಂತ ಹೋಗುತ್ತಿದ್ದರೆ ಆಟೋಟ್ಯೂನ್. ಕೀಬೋರ್ಡಿಗೇ ಬಾಯಿ ಬಂದ ಹಾಗಿದ್ದರೆ ವೊಕೋಡರ್.

ಆಟೋಟ್ಯೂನ್ ಬಂದದ್ದು 1997ರಲ್ಲಿ. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ನೆಲದಡಿಯ ಎಣ್ಣೆ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು! ಅಪಸ್ವರವನ್ನು ಗೊತ್ತಾಗದ ಹಾಗೆ ತಿದ್ದುವುದು ಅದರ ಕೆಲಸ. ತಿದ್ದಲು ಕೊಡುವ ಸಮಯವನ್ನು ಸೊನ್ನೆಗೆ ಇಳಿಸಿದರೆ ಈ ಮೆಟ್ಟಿಲು ದನಿ ಹುಟ್ಟುತ್ತದೆ. ಗಮಕ ಇರುವ ಹಾಡಿಗೆ ಮಾತ್ರ ದಯವಿಟ್ಟು ಬೇಡ, ಇಸ್ತ್ರಿ ಹಾಕಿದ ಹಾಗೆ ಆಗುತ್ತದೆ.

ನೀವು ತಂದಿರುವುದು ಇನ್ನೂ ಹಳೇ ವಿದ್ಯೆ. 1930ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ಇದನ್ನು ಮಾಡಿದ್ದು ಟೆಲಿಫೋನಿಗಾಗಿ. ಮೈಕಿನ ದನಿಯನ್ನು ಇದು ತಗ್ಗಿನಿಂದ ತಾರಕದವರೆಗೆ ಪಟ್ಟಿ ಪಟ್ಟಿಯಾಗಿ ಸೀಳುತ್ತದೆ. ಯಾವ ಪಟ್ಟಿ ಎಷ್ಟು ಜೋರಿದೆಯೋ, ಕೀಬೋರ್ಡಿನ ದನಿಯಲ್ಲೂ ಆ ಪಟ್ಟಿಯನ್ನು ಅಷ್ಟೇ ಹೊರಗೆ ಬಿಡುತ್ತದೆ. ಕೀಬೋರ್ಡಿನಲ್ಲಿ ಕೊಳಲಿನಂಥ ನುಣುಪು ದನಿ ಇಟ್ಟರೆ ಹೆಚ್ಚಿನ ಪಟ್ಟಿಗಳಲ್ಲಿ ಬಿಡಲು ಏನೂ ಇರುವುದಿಲ್ಲ, ಮಾತು ಮುಳುಗುತ್ತದೆ. ಸಾಟೂತ್ ಅಂತ ಗರಗರ ಅನ್ನುವ ದನಿ ಇರುತ್ತದಲ್ವಾ, ಅದನ್ನು ಇಡಿ. ಆಗಲೂ ಸ, ಶ, ಚ ಕೈಕೊಡುತ್ತವೆ. ‘ಸಂಜೆ’ ಹೋಗಿ ‘ಅಂಜೆ’ ಆಗುತ್ತದೆ. ಅದಕ್ಕೆ ಗಾಯಕರ ಹಸಿ ದನಿಯನ್ನೂ ಸ್ವಲ್ಪ ಬೆರೆಸಿ.

ಇನ್ನು ಕಿರುಚಾಟ. ಅದನ್ನು ನಾನೂ ಅನುಭವಿಸಿದ್ದೇನೆ. ವಿರಾಜಪೇಟೆ ಹತ್ತಿರ ಕೈಲ್ ಮುಹೂರ್ತ ಹಬ್ಬದ ಕಾರ್ಯಕ್ರಮ. ಹಾಲಿಗೆ ಶೀಟಿನ ಮಾಡು. ಹುಡುಗಿ ಒಂದು ಸಾಲು ಹಾಡಿ ನಿಲ್ಲಿಸಿದಳು, ಧೋ ಅಂತ ಮಳೆ ಬಂತು. ಕೀಬೋರ್ಡಿನವನು ಕಾರ್ಡ್, ಅಂದರೆ ಒಟ್ಟಿಗೆ ಹಲವು ಸ್ವರ, ಒತ್ತಿಕೊಂಡೇ ಇದ್ದ. ಯಾರೂ ಹಾಡುತ್ತಿಲ್ಲ, ಆದರೂ ಸ್ಪೀಕರಿನಿಂದ ‘ಶ್ಶ್ಶ್’ ಅಂತ ಶ್ರುತಿ ಹಿಡಿದ ದನಿ. ಮಳೆಯೇ ಹಾಡುತ್ತಿತ್ತು! ಮುಂದೆ ಕೂತಿದ್ದ ಅಜ್ಜ ಒಬ್ಬರು, “ಮಗಾ, ಒಳಗೆ ಅಳ್ತಿರೋದು ಯಾರು?” ಅಂದರು. ಮಳೆಯನ್ನು ಮೀರಿಸೋಣ ಅಂತ ನಾನು ಪೆದ್ದನ ಹಾಗೆ ವಾಲ್ಯೂಮ್ ಏರಿಸಿದೆ. ಕೀಂಯ್!

ಮೈಕಿಗೆ ಕೇಳಿಸಿದ್ದೆಲ್ಲ ವೊಕೋಡರಿಗೆ ಮಾತೇ. ಮಳೆ, ಪಕ್ಕದ ಡ್ರಮ್ಸ್, ಕಾಲ ಬಳಿಯ ಮಾನಿಟರ್ ಸ್ಪೀಕರ್, ಎಲ್ಲವೂ. ಸ್ಪೀಕರಿನ ದನಿಯೇ ಮತ್ತೆ ಮೈಕಿಗೆ ಹೊಕ್ಕು ಸುತ್ತತೊಡಗಿದರೆ ಆ ಕಿರುಚಾಟ. ಆದ್ದರಿಂದ ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಮಾನಿಟರ್ ಮೈಕಿನ ಬೆನ್ನಿನ ಕಡೆ ಇರಲಿ, ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ಆ ಕಡೆ ಕಿವಿ ಮಂದ. ವೊಕೋಡರಿಗೆ ಹೋಗುವ ಮೊದಲೇ ಒಂದು ನಾಯ್ಸ್ ಗೇಟ್ ಹಾಕಿ, ಹಾಡು ನಿಂತಾಗ ಬಾಗಿಲು ಮುಚ್ಚುತ್ತದೆ. ಕೀಬೋರ್ಡಿನವರಿಗೂ ಹೇಳಿ, ಸಾಲು ಮುಗಿದ ಕೂಡಲೇ ಕೈ ಎತ್ತಲಿ. ಇಡೀ ಹಾಡಿಗೆ ಬೇಡ, ಪಲ್ಲವಿಗೆ ಸಾಕು.

ಮಳೆಗಾಲದ ಕಾರ್ಯಕ್ರಮವಾದರೆ ಹಾಲಿನ ಮಾಡು ಹೆಂಚಿನದೋ ಶೀಟಿನದೋ ಅಂತ ಅಡ್ವಾನ್ಸ್ ತಗೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.